ಮೂರನೇ ಸಾಲಿನ ಮಹಾಶಯ

ಅಮ್ಮ ಒದ್ದೆ ಬಟ್ಟೆಯಿಂದ ಕಡಲಸೊಪ್ಪು ಒರೆಸುತ್ತಿದ್ದರು. ಅವರು ಒರೆಸಿಟ್ಟ ಒಣ ಹಾಳೆಗಳನ್ನು ನಾನು ಎದುರಿಗೆ ಕೂತು ಅಂಗೈಯಗಲ ಕತ್ತರಿಸಿ ಪೇರಿಸುತ್ತಿದ್ದೆ. ಹಾಳೆಯ ಮೇಲಿನ ಮರಳು ಹೋಗಬೇಕು, ಬಿಳಿ ಪುಡಿ ಹೋಗಬಾರದು. ಸಾರಿನ ರುಚಿಯೆಲ್ಲ ಆ ಪುಡಿಯಲ್ಲೇ ಇರುವುದು. ಈ ಕೆಲಸಕ್ಕೆ ಮಾತು ಬೇಕಾಗಿಲ್ಲ. ಅಮ್ಮ ಎಂದರೆ ನನ್ನ ಹೆತ್ತಮ್ಮನಲ್ಲ, ಈ ಕಡಲಸೊಪ್ಪಿನ ಅಂಗಡಿಯ ಯಜಮಾನಿ, ಸುಮಿಯೆ ತಾನಿಗುಚಿ. ಹೈಸ್ಕೂಲು ಅರ್ಧಕ್ಕೆ ಬಿಟ್ಟು ನಾನು ಇಲ್ಲಿ ಕೆಲಸಕ್ಕೆ ಸೇರಿದ ದಿನ ಅವರು ನನಗೆ ಹೇಳಿದ್ದು ‘ಕತ್ತರಿ ಅಲ್ಲಿದೆ’ ಎಂಬ ಒಂದೇ ಮಾತು. ನನಗೆ ಅದಕ್ಕಿಂತ ಹೆಚ್ಚು ಮಾತಾಡುವವರ ಹತ್ತಿರ ಉಸಿರು ಕಟ್ಟುತ್ತದೆ. ಹಾಗಾಗಿ ನಾನು ಅಲ್ಲೇ ಉಳಿದುಕೊಂಡೆ.

ಅಮ್ಮನ ದನಿ ತಗ್ಗಿನದು, ಸ್ವಲ್ಪ ಒರಟು. ಫೋನಿನಲ್ಲಿ ಅದನ್ನು ಕೇಳಿದ ಹೊಸ ಗಿರಾಕಿಗಳು ‘ಯಜಮಾನ್ರೇ’ ಎಂದೇ ಶುರುಮಾಡುತ್ತಾರೆ. ಅಮ್ಮ ತಿದ್ದುವುದಿಲ್ಲ. ತಿದ್ದುವುದಕ್ಕೂ ಮಾತಾಡಬೇಕಲ್ಲ.

ಅಂಗಡಿಯ ಪಾಲಿನ ಮಾತನ್ನೆಲ್ಲ ಅವರ ಗಂಡ, ನಮ್ಮ ಯಜಮಾನರೇ ಆಡಿ ಮುಗಿಸುತ್ತಿದ್ದರು. ಅವತ್ತು ಬೆಳಿಗ್ಗೆ ಅವರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೀದಿಯಿಂದ ಒಳಗೆ ಓಡಿ ಬಂದರು.

“ಬರ್ತಿದೆಯಂತೆ ಕಣೇ,” ಎಂದರು. “ಡಿವಿಡಿ. ‘ತಲೆಕೆಳಗು ತಾಸು.’ ಉಳಿದಿರೋದೆಲ್ಲ ಒಂದೇ ಪೆಟ್ಟಿಗೇಲಿ. ದೆವ್ವದ ಕಂತೂ ಸಿಕ್ಕಿದೆಯಂತೆ.”

ಅಮ್ಮ ಇನ್ನೊಂದು ಹಾಳೆ ಎತ್ತಿಕೊಂಡರು. “ಇನ್ನೊಂದು ಚಪ್ಪಲಿ ಎಲ್ಲಿ?” ಎಂದರು.

ಯಜಮಾನರು ಕಾಲು ನೋಡಿಕೊಂಡರು. ನಾನು ಅವರ ಮುಖ ನೋಡಿದೆ. ಇಡೀ ಬೀದಿಯೇ ಕಾಯುತ್ತಿದ್ದ ಸಿಹಿಸುದ್ದಿಯನ್ನು ಹೊತ್ತು ತಂದ ಮನುಷ್ಯನ ಮುಖ ಅದಾಗಿರಲಿಲ್ಲ. ಹಲ್ಲು ಕೀಳಿಸಿಕೊಳ್ಳಲು ಹೊರಟವನ ಮುಖ ಅದು.

‘ತಲೆಕೆಳಗು ತಾಸು’ ಏನೆಂದು ನಮ್ಮ ಅಮಾಗಾಸಾಕಿಯಲ್ಲಿ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಟೋಕಿಯೊದವರಿಗೆ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ನಾನು ಹುಟ್ಟುವ ಮೊದಲು ಶನಿವಾರ ಮಧ್ಯಾಹ್ನ, ಅರ್ಧ ದಿನದ ಶಾಲೆ ಮುಗಿಸಿ ಮಕ್ಕಳು ಮನೆಗೆ ಬಂದು ಹುರಿದ ಶಾವಿಗೆ ತಿನ್ನುವ ಹೊತ್ತಿಗೆ, ನಮ್ಮ ಕಡೆಯ ಟಿವಿಯಲ್ಲಿ ಮಾತ್ರ ಅದು ಬರುತ್ತಿತ್ತಂತೆ. ದಪ್ಪ ಗೊಂತಾ ಮತ್ತು ಅವನ ಮೂವರು ಶಿಷ್ಯರು ಪುಟ್ಟ ಪುಟ್ಟ ಪ್ರಹಸನ ಆಡುತ್ತಿದ್ದರು. ರಸ್ತೆಬದಿಯ ಗಾಜಿನ ಟೆಲಿಫೋನ್ ಡಬ್ಬಿಯೊಳಗೆ ಸಿಕ್ಕಿಕೊಂಡ ಸುಮೊ ಪೈಲ್ವಾನ, ಮೀನುಗಳಿಗೆ ಕೈ ತೋರಿಸಿ ದಾರಿ ಬಿಡಿಸುವ ಪೊಲೀಸು, ಇಂಥವು. ಊರೂರಿನ ಪುರಭವನಗಳಲ್ಲಿ ಜನರ ಮುಂದೆ ಆಡಿ, ಹಾಗೇ ಚಿತ್ರೀಕರಿಸಿ ತೋರಿಸುತ್ತಿದ್ದರು. ಆ ಕಾಲದಲ್ಲಿ ಟೇಪು ಬಲು ದುಬಾರಿ. ಹಾಗಾಗಿ ತೋರಿಸಿ ಮುಗಿದ ಟೇಪಿನ ಮೇಲೆಯೇ ಅಡುಗೆ ಪಾಠ ಹಿಡಿದರು, ಬೇಸ್‌ಬಾಲ್ ಹಿಡಿದರು. ಕ್ಷೌರದಂಗಡಿಯ ನಿಶಿವಾಕಿಯವರು ಈಗಲೂ ಆ ಮಾತು ಬಂದರೆ ಕತ್ತರಿ ಕೆಳಗಿಡುತ್ತಾರೆ. “ನಮ್ಮ ಗೊಂತಾನ ಮೇಲೆ ಮೂಲಂಗಿ ಹೆಚ್ಚಿದ್ರಲ್ಲ ಸ್ವಾಮಿ,” ಎನ್ನುತ್ತಾರೆ. ಎದುರಿಗೆ ಕೂತವರ ಅರ್ಧ ತಲೆ ಹಾಗೇ ಉಳಿದಿರುತ್ತದೆ.

ಹೀಗೆ ಅಳಿಸಿಹೋದ ಕಂತುಗಳಲ್ಲಿ ಅತಿ ದೊಡ್ಡದು ದೆವ್ವದ ಕಂತು. ಅದನ್ನು ಹಿಡಿದದ್ದು ನಮ್ಮದೇ ಊರಿನ ಹಳೆಯ ಪುರಭವನದಲ್ಲಿ. ಗೊಂತಾ ದೆವ್ವವಾಗಿ ಬಾಗಿಲು ತಳ್ಳಿಕೊಂಡು ರಂಗಕ್ಕೆ ಬರುತ್ತಾನೆ. ಬಂದವನು ಏನೂ ಮಾತಾಡದೆ ನಿಲ್ಲುತ್ತಾನೆ. ಎಷ್ಟೋ ಹೊತ್ತು ನಿಲ್ಲುತ್ತಾನೆ. ಜನ ಉಸಿರು ಬಿಗಿಹಿಡಿದಿದ್ದಾರೆ. ಆಗ ಮೂರನೇ ಸಾಲಿನಿಂದ ಯಾರೋ ಒಬ್ಬರು ಬಲು ಸಮಾಧಾನದ ದನಿಯಲ್ಲಿ, ಆ ಬಾಗಿಲು ಸ್ವಲ್ಪ ಮುಚ್ಚಿ, ಗಾಳಿ ಬರ್ತಿದೆ, ಎನ್ನುತ್ತಾರೆ. ದೆವ್ವ ತಬ್ಬಿಬ್ಬಾಗಿ, ತಲೆ ಬಗ್ಗಿಸಿ ಕ್ಷಮೆ ಕೇಳಿ, ಹಿಂದಿರುಗಿ ಹೋಗಿ ಬಾಗಿಲು ಮುಚ್ಚಿ ಬರುತ್ತದೆ. ಪುರಭವನದ ಸೂರು ಹಾರಿಹೋಗುವುದೊಂದು ಬಾಕಿ. ನಗುವಿನಲ್ಲಿ ಆ ದಿನದ ಆಟವನ್ನು ಮುಂದುವರಿಸಲಿಕ್ಕೇ ಆಗಲಿಲ್ಲವಂತೆ.

ನಮ್ಮ ಕಡೆ ದಾರಿ ಕೇಳಿದವನಿಗೂ ಮೊದಲು ಒಂದು ಹಾಸ್ಯ ಹೇಳಿ, ಆಮೇಲೆ ದಾರಿ ಹೇಳುತ್ತಾರೆ. ಒಬ್ಬ ಪೆದ್ದು ಮಾತಾಡಿದರೆ ಇನ್ನೊಬ್ಬ ತಕ್ಷಣ ತಿರುಗೇಟು ಕೊಡಬೇಕು. ಕೊಡದಿದ್ದರೆ ಅವನಿಗೆ ಮೈ ಸರಿಯಿಲ್ಲವೆಂದು ಗಂಜಿ ಕಳಿಸುತ್ತಾರೆ. ಅಂಥ ಜನರ ನಡುವೆ ದೆವ್ವಕ್ಕೇ ತಿರುಗೇಟು ಕೊಟ್ಟವನು ಎಂಥವನಿರಬೇಕು? ಅವನ ಮುಖವನ್ನು ಕ್ಯಾಮೆರಾ ತೋರಿಸಲಿಲ್ಲ. ಅವನು ಮುಂದೆ ಬರಲೂ ಇಲ್ಲ. ಜನ ಅವನಿಗೆ ‘ಮೂರನೇ ಸಾಲಿನ ಮಹಾಶಯ’ ಎಂದು ಹೆಸರಿಟ್ಟು, ಆ ಹೆಸರು ಹೇಳುವಾಗ ಸ್ವಲ್ಪ ದನಿ ತಗ್ಗಿಸುತ್ತಿದ್ದರು.

ನಮ್ಮ ಯಜಮಾನರು ಆ ಮಹಾಶಯರಾದದ್ದು ಕ್ಷೌರದಂಗಡಿಯಲ್ಲಿ. ಅದನ್ನು ನಾನು ನೋಡಿಲ್ಲ, ಆದರೆ ಬೀದಿಯವರೆಲ್ಲ ಸೇರಿ ಎಷ್ಟು ಸಲ ಹೇಳಿದ್ದಾರೆಂದರೆ ನೋಡಿದ ಹಾಗೇ ಇದೆ. ನಿಶಿವಾಕಿಯವರು ಯಜಮಾನರ ಗಡ್ಡ ಹೆರೆಯುತ್ತ ದೆವ್ವದ ಕಂತಿನ ಕಥೆ ಹೇಳುತ್ತಿದ್ದರಂತೆ. ಅವತ್ತು ನಾನೂ ಅಲ್ಲೇ ಇದ್ದೆ, ಎಂದರು ಯಜಮಾನರು. ಯಾವ ಸಾಲು, ಎಂದು ಕೇಳಿದರು ನಿಶಿವಾಕಿ. ಮೂರನೆಯದು. ಕತ್ತಿ ಯಜಮಾನರ ಗಂಟಲ ಮೇಲೆ ನಿಂತಿತು.

“ಹಾಗಾದ್ರೆ ಹೇಳಿದ್ದು ಯಾರು ಅಂತ ನೋಡಿರ್ತೀರಿ.”

“ಎಲ್ರೂ ನನ್ನ ಕಡೇನೇ ತಿರುಗಿ ನೋಡ್ತಿದ್ರು,” ಎಂದರು ಯಜಮಾನರು.

ಅಷ್ಟೇ. ಗಂಟಲ ಮೇಲೆ ಕತ್ತಿಯಿದ್ದವನು ಅದಕ್ಕಿಂತ ಹೆಚ್ಚು ಹೇಳಲಾರ. ಆದರೆ ನಿಶಿವಾಕಿಯವರು ಕತ್ತಿ ಮಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಆ ನಮಸ್ಕಾರ ಯಜಮಾನರಿಗೆ ಹಿಡಿಸಿತು. ಅಂದಿನಿಂದ ಅವರ ಗಡ್ಡಕ್ಕೆ ದುಡ್ಡಿಲ್ಲ. ಪ್ರತಿ ತಿಂಗಳು ಕಾಮೆಯಾಮಾ ಅವರ ವಿಡಿಯೊ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭಿಮಾನಿಗಳು ಸೇರಿದಾಗ, ದಿಂಬಿರುವ ಒಂದೇ ಕುರ್ಚಿ ಅವರದು. ನೋಡಲು ಒಂದು ಕಂತೂ ಇಲ್ಲದ ಕಾರ್ಯಕ್ರಮಕ್ಕೆ ಅಂಥ ಅಭಿಮಾನಿಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದ್ದದ್ದು ನೆನಪೊಂದೇ. ನಿಶಿವಾಕಿಯವರು ಪೈಲ್ವಾನನಾಗುತ್ತಿದ್ದರು, ದೇವಾಲಯದ ಎನ್‌ಶೊ ಗುರುಗಳು ಟೆಲಿಫೋನ್ ಡಬ್ಬಿಯಾಗುತ್ತಿದ್ದರು, ಕಾಮೆಯಾಮಾ ಅಮ್ಮ ಒಣ ಸ್ಕ್ವಿಡ್ ಮೀನು ಜಗಿಯುತ್ತ ‘ಅಲ್ಲ, ಮೊದಲು ಎಡಗಾಲು ಸಿಕ್ಕಿಕೊಳ್ತು’ ಎಂದು ತಿದ್ದುತ್ತಿದ್ದರು. ಚಹಾ ಕೊಡಲು ಹೋಗಿ ನಾನು ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದ್ದೇನೆ. ಅರವತ್ತು ದಾಟಿದ ಗುರುಗಳು ಡಬ್ಬಿಯಾಗಿ ನಿಂತಾಗ, ಆ ಬೋಳುತಲೆಯ ಮೇಲೆ ನಿಜವಾಗಿ ಗಾಜು ಹೊಳೆದಂತೆ ಕಾಣುತ್ತಿತ್ತು.

ಈಗ ಆ ಕಂತು ಬರುತ್ತಿದೆ. ವಕಾಯಾಮಾದ ಹಲ್ಲಿನ ವೈದ್ಯರೊಬ್ಬರು, ನೋವೆಂದು ಕಿರುಚುವ ರೋಗಿಗಳಿಗೆ ತೋರಿಸಲೆಂದು ಅದನ್ನು ಟಿವಿಯಿಂದ ಹಿಡಿದಿಟ್ಟಿದ್ದರಂತೆ. ಅವರು ತೀರಿಕೊಂಡ ಮೇಲೆ ಅವರ ಹಳೆಯ ಕುರ್ಚಿಯ ಕೆಳಗೆ ಟೇಪು ಸಿಕ್ಕಿದೆ.

ಮರುದಿನವೇ ಕಾಮೆಯಾಮಾ ಅಮ್ಮ ಡಿವಿಡಿ ಕಂಪನಿಗೆ ಫೋನು ಮಾಡಿದರು. ಅವರು ಬೀದಿಯ ವರ್ತಕರ ಸಂಘದ ಅಧ್ಯಕ್ಷೆಯೂ ಹೌದು. ನೀವು ಮೊದಲ ಪ್ರದರ್ಶನವನ್ನು ರೈಲು ಹಳಿಯ ಆಚೆ ಬೀದಿಯಲ್ಲಿ ಇಟ್ಟುಕೊಳ್ಳುತ್ತೀರೆಂದು ಕೇಳಿದೆ, ಅಲ್ಲಿ ಎಸ್ಕಲೇಟರ್ ಇದೆಯಂತೆ, ಇರಲಿ, ನಮ್ಮಲ್ಲಿ ಮೂರನೇ ಸಾಲಿನ ಮಹಾಶಯರೇ ಇದ್ದಾರೆ, ಎಂದರು. ಆ ಕಡೆ ಫೋನಿನಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು ಬಂತಂತೆ.

ಎರಡು ದಿನ ಬಿಟ್ಟು ಕಂಪನಿಯ ಮುರೊತಾನಿ ಬಂದ. ಕಪ್ಪು ಸೂಟಿನ ಎಳೆಯ ಹುಡುಗ, ಕೈಯಲ್ಲಿ ಸಣ್ಣ ಧ್ವನಿಮುದ್ರಕ. ಅಂಗಡಿಯೊಳಗೆ ಕಾಲಿಟ್ಟವನು ಯಜಮಾನರನ್ನು ಕಂಡೊಡನೆ ಕಡಲಸೊಪ್ಪಿನ ಮೂಟೆಗಳ ನಡುವೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದ. ತನ್ನ ತಂದೆ ಸಾಯುವ ಮುನ್ನ ಆಸ್ಪತ್ರೆಯಲ್ಲಿ ನರ್ಸಿಗೆ ಆ ಬಾಗಿಲಿನ ಮಾತು ಹೇಳಿ ತಾನೇ ನಕ್ಕಿದ್ದರೆಂದು ಹೇಳಿದ. ಆ ಹೊತ್ತಿಗೆ ಬೀದಿಯ ಅರ್ಧ ಜನ ಅಂಗಡಿಯ ಮುಂದೆ ನೆರೆದಿದ್ದರು. ಒಂದೇ ಒಂದು ಸಲ ಆ ಮಾತನ್ನು ಇದರೊಳಗೆ ಹೇಳಿ, ಎಂದು ಅವನು ಧ್ವನಿಮುದ್ರಕವನ್ನು ಎರಡೂ ಕೈಯಲ್ಲಿ ಚಾಚಿದ.

ಯಜಮಾನರು ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

“ಈಗ ಬೇಡ,” ಎಂದರು.

ಜನರ ನಡುವೆ ಒಂದು ಉದ್ಗಾರ ಹಾದುಹೋಯಿತು. ನಿಶಿವಾಕಿಯವರು ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು: ನೋಡಿದ್ರಾ, ಕಲಾವಿದ ಅಂದ್ರೆ ಇದು, ಸಮಯ ಬಾರದೆ ಬಾಯಿ ಬಿಡೋದಿಲ್ಲ. ಮುರೊತಾನಿ ಮತ್ತೊಮ್ಮೆ ಹಣೆ ಮುಟ್ಟಿಸಿ, ಪ್ರದರ್ಶನ ಇಲ್ಲೇ ಆಗುತ್ತದೆಂದು ಮಾತು ಕೊಟ್ಟು ಹೋದ. ಅವನ ಹಣೆಯ ಮೇಲೆ ಕಡಲಸೊಪ್ಪಿನ ಬಿಳಿ ಪುಡಿ ಹಾಗೇ ಇತ್ತು. ಒಳಗೆ ಅಮ್ಮ ಒರೆಸುತ್ತಲೇ ಇದ್ದರು.

ಬೀದಿಗೆ ಅಡ್ಡಲಾಗಿ, ಇಡೀ ಬೀದಿಯನ್ನು ಮುಚ್ಚಿದ ಗಾಜಿನ ಮಾಡಿನ ಕೆಳಗೆ ಬ್ಯಾನರು ಏರಿತು. ಹಳಿಯ ಆಚೆಯವರಿಗೂ ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ ‘ಮೂರನೇ ಸಾಲಿನ ಮಹಾಶಯರ ಬೀದಿ’ ಎಂದು ಬರೆಸಿದ್ದರು. ಹಳಿಯ ಆಚೆಯವರು ಓದಿದರು. ಅಲ್ಲಿನ ಕನ್ನಡಕದಂಗಡಿಯವನೊಬ್ಬ ಬಂದು, ಇವರೇನಾ, ಎಂದು ಯಜಮಾನರನ್ನು ಮೇಲಿನಿಂದ ಕೆಳಗೆ ನೋಡಿ, ನಾವೆಲ್ಲ ಬರ್ತೀವಿ ಕೇಳೋಕೆ, ದನಿ ಹೊಂದಿಕೆ ಆಗುತ್ತೋ ಇಲ್ಲವೋ ನೋಡಬೇಕಲ್ಲ, ಎಂದು ಹೇಳಿ ಹೋದ.

ಅವತ್ತು ಮಧ್ಯಾಹ್ನ ಯಜಮಾನರು ಉಗ್ರಾಣಕ್ಕೆ ಬಂದರು. ನಾನು ಮೂಟೆ ಎಣಿಸುತ್ತಿದ್ದೆ. ಅವರು ಒಂದು ಮೂಟೆಯ ಮೇಲೆ ಕೂತು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

“ಕೊಯುಕಿ, ನಾನು ಮಧ್ಯಾಹ್ನ ಗಲ್ಲಾದ ಹತ್ರ ನಿದ್ದೆ ಮಾಡ್ತೀನಲ್ಲ. ನಿದ್ದೇಲಿ ಮಾತಾಡ್ತೀನಾ?”

ನಾನು ಯೋಚಿಸಿದೆ. “ಗೊರಕೆ ಹೊಡೀತೀರಿ,” ಎಂದೆ.

“ಗೊರಕೆ ಬೇಡ. ಮಾತು? ಬಾಗಿಲಿನ ವಿಷಯ ಏನಾದ್ರೂ?”

ಆಗ ಹೊರಬಿತ್ತು. ಅವತ್ತು ಅವರಿಗೆ ಜೋರು ನೆಗಡಿ. ಔಷಧಿ ಕುಡಿದು ಪುರಭವನಕ್ಕೆ ಹೋದವರು ಗೊಂತಾ ರಂಗಕ್ಕೆ ಬರುವ ಮೊದಲೇ ನಿದ್ದೆ ಹೋಗಿದ್ದರು. ಭಾರಿ ನಗುವಿಗೆ ಬೆಚ್ಚಿ ಕಣ್ಣು ಬಿಟ್ಟಾಗ ಇಡೀ ಸಭೆ ತಮ್ಮ ಕಡೆಗೇ ತಿರುಗಿತ್ತು. ಹಾಗಾದರೆ ತಾವೇ ಏನೋ ಹೇಳಿರಬೇಕು. ನಿದ್ದೆಗಣ್ಣಿನಲ್ಲಿ ಹೇಳಿರಬೇಕು. ಇಪ್ಪತ್ತೈದು ವರ್ಷ ಅವರು ಹಾಗೇ ನಂಬಿದ್ದರು. ನಂಬಲು ಖರ್ಚೇನೂ ಇರಲಿಲ್ಲ. ಈಗ ಡಿವಿಡಿ ಬರುತ್ತಿದೆ. ಅದರಲ್ಲಿ ಬೇರೆಯವನ ದನಿ ಬಂದರೆ, ಇವರ ಮಾನವೊಂದೇ ಅಲ್ಲ, ಬ್ಯಾನರಿನ ಜೊತೆಗೆ ಇಡೀ ಬೀದಿಯ ಮಾನ ಕೆಳಗಿಳಿಯುತ್ತದೆ, ಅದೂ ಎಸ್ಕಲೇಟರಿನವರ ಕಣ್ಣೆದುರಿಗೆ.

ಅವತ್ತು ಪಕ್ಕದಲ್ಲಿ ಯಾರಿದ್ದರು ಎಂದು ಕೇಳಿದೆ.

“ಸುಮಿಯೆ ಇದ್ಲು.”

“ಅವರನ್ನೇ ಕೇಳಬಹುದಲ್ಲ.”

ಯಜಮಾನರು ಮೂಟೆಯ ದಾರ ಕೀಳತೊಡಗಿದರು. “ಇಲ್ಲ ಅಂತ ಹೇಳಿಬಿಟ್ರೆ?” ಎಂದರು.

ಅಮ್ಮ ಸುಳ್ಳು ಹೇಳುವವರಲ್ಲ. ಸುಳ್ಳಿಗೆ ಮಾತು ಜಾಸ್ತಿ ಬೇಕು.

ಆ ವಾರದಿಂದ ಯಜಮಾನರ ಬದುಕು ವಿಚಿತ್ರವಾಯಿತು. ಅವರ ಗಂಟಲು ಬೀದಿಯ ಆಸ್ತಿಯಾಯಿತು. ಹಣ್ಣಿನಂಗಡಿಯವರು ಜೇನಿನಲ್ಲಿ ನೆನೆಸಿದ ಶುಂಠಿ ಕಳಿಸಿದರು. ಎನ್‌ಶೊ ಗುರುಗಳು ಬೆಳಿಗ್ಗೆ ಬೆಳಿಗ್ಗೆ ಬಂದು ಅವರ ಕುತ್ತಿಗೆಗೆ ಉಣ್ಣೆ ಪಟ್ಟಿ ಸುತ್ತುತ್ತಿದ್ದರು. ಇನ್ನೂ ದೊಡ್ಡ ಕಷ್ಟವೆಂದರೆ, ಅವರು ಏನು ಹೇಳಿದರೂ ಜನ ನಗುತ್ತಿದ್ದರು. ನೂರು ಗ್ರಾಂ ಸಾಕಾ, ಎಂದು ಗಿರಾಕಿಯನ್ನು ಕೇಳಿದರೆ ಆಕೆ ಕೌಂಟರು ಹಿಡಿದುಕೊಂಡು ನಗುತ್ತಿದ್ದಳು. ಒಂದು ದಿನ ಮೀನಿನಂಗಡಿಯ ಮುಂದಿನ ಚರಂಡಿಯಲ್ಲಿ ಅವರ ಕಾಲು ಸಿಕ್ಕಿಕೊಂಡಿತು. ಸ್ವಲ್ಪ ಕೈ ಕೊಡಿ, ಎಂದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಎಷ್ಟು ಸಹಜವಾಗಿ ಹೇಳ್ತಾರೆ ನೋಡಿ, ಎಂದು ಒಬ್ಬರು ಕಣ್ಣೊರೆಸಿಕೊಂಡರು. ಕೊನೆಗೆ ಅಮ್ಮ ಬಂದು, ಏನೂ ಹೇಳದೆ, ಕಾಲು ಹಿಡಿದು ಎಳೆದರು. ಚಪ್ಪಲಿ ಅಲ್ಲೇ ಉಳಿಯಿತು.

ಹಿಮೇಜಿಯಿಂದ ಯಜಮಾನರ ಅಕ್ಕ ತೊಮೊಯೆ ಬಂದಿಳಿದರು. ಕೇಳಿದ ಮೊದಲ ಮಾತೇ, “ಇವನಾ?” ಎಂದು. ಚಿಕ್ಕಂದಿನಲ್ಲಿ ಇವನಿಗೆ ಯಾರಾದರೂ ಹಾಸ್ಯ ಮಾಡಿದರೆ ತಿರುಗೇಟು ಹೊಳೆಯಲು ಮರುದಿನವಾಗುತ್ತಿತ್ತೆಂದೂ, ಆಗ ಇವನು ಅವರ ಮನೆವರೆಗೆ ನಡೆದುಹೋಗಿ ಹೇಳಿ ಬರುತ್ತಿದ್ದನೆಂದೂ ಬೀದಿಯ ನಡುವೆಯೇ ನಿಂತು ವಿವರಿಸಿದರು. ಅಷ್ಟರಲ್ಲಿ ಯಾರೋ ಅವರಿಗೆ ‘ಮಹಾಶಯರ ಅಕ್ಕ’ ಎಂದು ಬೆಚ್ಚನೆಯ ಆಕ್ಟೋಪಸ್ ಬೋಂಡಾ ತಂದುಕೊಟ್ಟರು. ಎರಡು ಬೋಂಡಾ ತಿಂದ ಮೇಲೆ, ನಮ್ಮ ತಂದೇನೂ ಹಾಗೇ ಇದ್ರು, ಇದು ವಂಶದಲ್ಲೇ ಇದೆ ಅನ್ನಿ, ಎಂದರು.

ನಗರಸಭೆಯ ಸಂಸ್ಕೃತಿ ವಿಭಾಗದ ಹಗಿನೊ ಎಂಬವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ಪುರಭವನ ಕೆಡವಿದಾಗ ಅದರ ಕುರ್ಚಿಗಳನ್ನು ಒಂದು ಶಾಲೆಯ ಉಗ್ರಾಣದಲ್ಲಿ ಪೇರಿಸಿಟ್ಟಿದ್ದರಂತೆ. ಮೂರನೇ ಸಾಲಿನವೇ ಇರಬೇಕೆಂದು ತೋರಿದ ಮೂರನ್ನು ಕೈಗಾಡಿಯಲ್ಲಿ ತಂದರು. ಯಾವುದೆಂದು ಗೊತ್ತಿಲ್ಲದ್ದರಿಂದ ನಿಶಿವಾಕಿಯವರು ಮೂರಕ್ಕೂ ನಮಸ್ಕಾರ ಮಾಡಿದರು. ಯಜಮಾನರು ಒಂದೊಂದರಲ್ಲೂ ಕೂತು ನೋಡಬೇಕಾಯಿತು. ಮೊದಲನೆಯದು ಕಿರುಗುಟ್ಟಿತು, ಎರಡನೆಯದರ ಮೊಳೆ ಚುಚ್ಚಿತು. ಮೂರನೆಯದರಲ್ಲಿ ಕೂತು, ಇದೇ, ಎಂದರು. ಹಗಿನೊ ಅದರ ಕಾಲಿಗೆ ಕೆಂಪು ದಾರ ಕಟ್ಟಿದರು. ಒಂದು ಕುರ್ಚಿಯನ್ನು ಜನ ಅಷ್ಟು ಭಕ್ತಿಯಿಂದ ನೋಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ನಗಬೇಕೆನಿಸಿತು, ಆದರೆ ನಗು ಬರಲಿಲ್ಲ. ಅದರ ಹಳೆಯ ಹಸಿರು ಮಖಮಲ್ಲನ್ನು ನಾನೂ ಒಂದು ಸಲ, ಯಾರೂ ನೋಡದಾಗ, ಮುಟ್ಟಿ ನೋಡಿದೆ.

ಡಿವಿಡಿ ಪೆಟ್ಟಿಗೆ ಬಿಡುಗಡೆಯ ಹಿಂದಿನ ದಿನವೇ ವಿಡಿಯೊ ಅಂಗಡಿಗೆ ಬಂತು. ಇಂಥ ಮಾಲು ಯಾವಾಗಲೂ ಹಾಗೇ ಬರುವುದು, ಬೇರೆ ಅಂಗಡಿಗಳಲ್ಲಿ ಸಂಜೆಯೇ ಕದ್ದುಮುಚ್ಚಿ ಮಾರುತ್ತಾರೆ. ಕಾಮೆಯಾಮಾ ಅಮ್ಮ ಮಾತ್ರ ಒಪ್ಪಲಿಲ್ಲ. ಇಷ್ಟು ವರ್ಷ ಕಾದವರಿಗೆ ಒಂದು ಸಂಜೆ ಕಾಯಲಿಕ್ಕಾಗದೇ, ಎಂದು ಗದರಿದರು. ಆದರೂ ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದೆ, ಪೆಟ್ಟಿಗೆಯನ್ನು ದೇವಾಲಯಕ್ಕೆ ಒಯ್ದು ಬುದ್ಧನ ಮುಂದಿಟ್ಟು ಬಂದರು. ಗೊಂತಾನ ಮೂವರು ಶಿಷ್ಯರಲ್ಲಿ ಇಬ್ಬರು ತೀರಿಹೋಗಿದ್ದಾರೆ, ಗೊಂತಾ ಅವರಿಗೂ ಮೊದಲೇ ಹೋದ. ಎನ್‌ಶೊ ಗುರುಗಳು ಅವರ ಹೆಸರು ಹೇಳಿ ಮಂತ್ರ ಪಠಿಸಿದರು. ನಾವೆಲ್ಲ ಸಾಲಾಗಿ ಹೋಗಿ ಊದುಬತ್ತಿ ಹಚ್ಚಿದೆವು. ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚದ ಆ ಪೆಟ್ಟಿಗೆ ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು. ಯಜಮಾನರು ಎಲ್ಲರಿಗಿಂತ ಹೆಚ್ಚು ಹೊತ್ತು ಕೈಮುಗಿದು ನಿಂತಿದ್ದರು. ಅವರು ಏನು ಬೇಡಿಕೊಂಡರೆಂದು ನನಗೊಬ್ಬಳಿಗೆ ಗೊತ್ತಿತ್ತು.

ಪ್ರದರ್ಶನ ಮರುದಿನ, ಮೀನಿನಂಗಡಿಯ ಮೇಲಿನ ಸಭಾಕೋಣೆಯಲ್ಲಿ. ಚಳಿ ಶುರುವಾಗಿತ್ತು. ಹೊರಗಿನ ಕಬ್ಬಿಣದ ಮೆಟ್ಟಿಲೇರಿ ಮೂರೂ ಕುರ್ಚಿಗಳನ್ನು ತರಲು ಹಗಿನೊ ಹಿಂಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದಂತೆ ಇಟ್ಟಿಗೆ ಇಟ್ಟಿದ್ದರು. ಜನ ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತಿದ್ದರು. ಹಳಿಯ ಆಚೆಯವರು ಕೈಕಟ್ಟಿಕೊಂಡು ಹಿಂದಿನ ಗೋಡೆಗೆ ಒರಗಿದ್ದರು. ಕೆಂಪು ದಾರದ ಕುರ್ಚಿಯಲ್ಲಿ ಯಜಮಾನರು, ಪಕ್ಕದ ಮೊಳೆಯ ಕುರ್ಚಿಯಲ್ಲಿ ಶಾಲು ಹೊದ್ದು ಅಮ್ಮ. ನಾನು ಎದುರು ಮೂಲೆಯಲ್ಲಿ, ಎರಡೂ ಕೈಯಲ್ಲಿ ಚಹಾದ ದೊಡ್ಡ ತಟ್ಟೆ ಹಿಡಿದು, ಕಾಲಿಡಲು ಜಾಗವಿಲ್ಲದೆ ನಿಂತಿದ್ದೆ. ಮುರೊತಾನಿ ಗುಂಡಿ ಒತ್ತಿದ.

ಚಿತ್ರ ಮಾಸಿತ್ತು. ಕೆಳಗಡೆ ಒಂದು ಬಿಳಿ ಗೆರೆ ಅಲುಗುತ್ತಿತ್ತು. ಆದರೆ ಗೊಂತಾ ಬಂದ. ಬೀದಿಯವರು ನೆನಪಿನಲ್ಲಿ ಎಷ್ಟು ಸಲ ಆಡಿ ತೋರಿಸಿದ್ದರೂ ಅದು ಇದಾಗಿರಲಿಲ್ಲ. ಬಿಳಿ ನಿಲುವಂಗಿಯಲ್ಲಿ ಆ ದಪ್ಪ ಮನುಷ್ಯ ಬಾಗಿಲು ತಳ್ಳಿಕೊಂಡು ಬಂದು ನಿಂತಾಗ ನಿಶಿವಾಕಿಯವರು ಮಗುವಿನ ಹಾಗೆ ಬಾಯಿ ತೆರೆದುಬಿಟ್ಟರು. ಗುರುಗಳ ಜಪಮಾಲೆ ನಿಂತಿತು. ಗೊಂತಾ ಮಾತಾಡಲಿಲ್ಲ. ಅವನ ಕಣ್ಣುಗಳನ್ನು ನೋಡಿ ನನಗೆ ಗೊತ್ತಾಯಿತು: ಅವನು ನಟಿಸುತ್ತಿಲ್ಲ, ಅವನಿಗೆ ಮಾತು ಮರೆತುಹೋಗಿದೆ. ಶಾಲೆಯಲ್ಲಿ ಟೀಚರು ಎಬ್ಬಿಸಿ ನಿಲ್ಲಿಸಿದಾಗ ನನಗೂ ಹಾಗೇ ಆಗುತ್ತಿತ್ತು. ಪುರಭವನದ ಅಷ್ಟೂ ಜನರ ಮುಂದೆ, ಊರಿನ ಅತಿ ದೊಡ್ಡ ಹಾಸ್ಯಗಾರ, ಬರಿ ಹೆದರಿಕೊಂಡು ನಿಂತಿದ್ದ. ಯಜಮಾನರು ಕಣ್ಣು ಮುಚ್ಚಿಕೊಂಡರು.

ಆಗ ಆ ದನಿ ಬಂತು. ತಗ್ಗಿನದು, ಸ್ವಲ್ಪ ಒರಟು, ಯಾವ ಅವಸರವೂ ಇಲ್ಲದ್ದು.

“ಆ ಬಾಗಿಲು ಸ್ವಲ್ಪ ಮುಚ್ಚಿ. ಗಾಳಿ ಬರ್ತಿದೆ.”

ಗೊಂತಾ ಬೆಚ್ಚಿದ, ತಲೆ ಬಗ್ಗಿಸಿದ, ಹೋಗಿ ಬಾಗಿಲು ಮುಚ್ಚಿದ. ಟಿವಿಯಲ್ಲಿ ನಗು ಸಿಡಿಯಿತು. ನಮ್ಮ ಕೋಣೆಯಲ್ಲಿ ಒಬ್ಬರೂ ನಗಲಿಲ್ಲ. ದಿನಾ ಬೆಳಿಗ್ಗೆ ‘ದಾರ ಕೊಡು’ ಎನ್ನುವ ದನಿ, ಮೀನಿನಂಗಡಿಯಲ್ಲಿ ‘ಎರಡು ಬಂಗುಡೆ’ ಎನ್ನುವ ದನಿ, ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ?

“ಇನ್ನೊಂದ್ಸಲ ಹಾಕಪ್ಪ,” ಎಂದರು ಕಾಮೆಯಾಮಾ ಅಮ್ಮ. ಅವರ ಬಾಯಲ್ಲಿ ಸ್ಕ್ವಿಡ್ ಹಾಗೇ ನಿಂತಿತ್ತು.

ಮುರೊತಾನಿ ಮತ್ತೆ ಹಾಕಿದ. ಮತ್ತೆ ಅದೇ ದನಿ. ಹಳಿಯ ಆಚೆಯ ಕನ್ನಡಕದವನು ಮುಂದೆ ಬಾಗಿ, ಇದು ಅವರ ದನಿಯಲ್ಲ, ಎಂದು ಶುರುಮಾಡಿದ. ನಿಶಿವಾಕಿಯವರು ಅವನ ತೋಳು ಹಿಡಿದು ಕೂರಿಸಿದರು. ಎಲ್ಲರ ತಲೆಗಳೂ ನಿಧಾನವಾಗಿ ಮೊಳೆಯ ಕುರ್ಚಿಯ ಕಡೆಗೆ ತಿರುಗಿದವು.

ಯಜಮಾನರು ಕಣ್ಣು ಬಿಟ್ಟಿದ್ದರು. “ಸುಮಿಯೆ, ಅದು ನೀನಾ?” ಎಂದರು.

“ಹೌದು,” ಎಂದರು ಅಮ್ಮ. “ನಿಮಗೆ ನೆಗಡಿ ಇತ್ತಲ್ಲ. ನಮ್ಮ ಸಾಲಿನ ಪಕ್ಕದ ಬಾಗಿಲು ತೆಗೆದೇ ಇತ್ತು. ಅಲ್ಲಿ ನಿಂತಿದ್ದ ಹುಡುಗನಿಗೆ ಹೇಳಿದೆ.”

“ಗೊಂತಾನಿಗಲ್ವಾ?”

“ಅವನಿಗೆ ಯಾಕೆ ಹೇಳ್ಲಿ?”

“ಮತ್ತೆ... ಯಾಕೆ ಇಷ್ಟು ದಿನ ಹೇಳ್ಲಿಲ್ಲ?”

ಅಮ್ಮ ಸ್ವಲ್ಪ ಯೋಚಿಸಿದರು. “ನೀವು ಕೇಳ್ಲಿಲ್ಲ,” ಎಂದರು. ಆಮೇಲೆ, ಅದೂ ಹೇಳಬೇಕಾದ ಮಾತೆನಿಸಿತೋ ಏನೋ, ಎಲ್ಲರೂ ನಗುತ್ತಿದ್ದರೆಂದೂ, ಆ ಹುಡುಗನೂ ನಗುತ್ತಿದ್ದನೆಂದೂ, ಬಾಗಿಲು ಯಾರೂ ಮುಚ್ಚಲಿಲ್ಲವೆಂದೂ, ಮನೆಗೆ ಬಂದಮೇಲೆ ಇವರಿಗೆ ಮೂರು ದಿನ ಜ್ವರ ಬಂತೆಂದೂ ಹೇಳಿದರು. ಅಮ್ಮ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಯಜಮಾನರು ಕುರ್ಚಿಯಿಂದ ಎದ್ದರು. ಈಗ ಇವರು ಕಿಟಕಿಯಿಂದ ಹಾರುತ್ತಾರೋ ಅಳುತ್ತಾರೋ ಎಂದುಕೊಂಡೆ. ಅವರು ಎರಡೂ ಮಾಡಲಿಲ್ಲ. ಕೆಂಪು ದಾರದ ಕುರ್ಚಿಯ ಮಖಮಲ್ಲನ್ನು ತಮ್ಮ ತೋಳಿನಿಂದ ಒರೆಸಿದರು. ಕಡಲಸೊಪ್ಪಿನ ಹಾಳೆ ಒರೆಸುವ ಹಾಗೆ, ಮೆಲ್ಲಗೆ, ಅಂಚಿನವರೆಗೆ. ಆಮೇಲೆ ಅಮ್ಮನ ಮೊಣಕೈ ಹಿಡಿದು ಎಬ್ಬಿಸಿ ಅದರಲ್ಲಿ ಕೂರಿಸಿದರು. ಎರಡು ಹೆಜ್ಜೆ ಹಿಂದೆ ಸರಿದು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಕ್ಷೌರದಂಗಡಿಯಲ್ಲಿ ತಮಗೆ ಸಿಕ್ಕಿದ್ದ ನಮಸ್ಕಾರವನ್ನು, ಒಂದಿಷ್ಟೂ ಉಳಿಸಿಕೊಳ್ಳದೆ, ಹಾಗೇ ದಾಟಿಸಿದ ಹಾಗಿತ್ತು.

ನಿಶಿವಾಕಿಯವರು ಬಗ್ಗಿದರು. ಗುರುಗಳು ಬಗ್ಗಿದರು. ತೊಮೊಯೆ ಅಕ್ಕ, ಈ ಹುಡುಗಿಯನ್ನ ಸೊಸೆ ಮಾಡಿ ಮನೆಗೆ ತಂದಿದ್ದು ನಾನೇ, ಎಂದು ಅಕ್ಕಪಕ್ಕದವರಿಗೆ ಹೇಳಿ ಬಗ್ಗಿದರು. ಗೋಡೆಗೆ ಒರಗಿದ್ದ ಹಳಿಯ ಆಚೆಯವರು ಒಬ್ಬರನ್ನೊಬ್ಬರು ನೋಡಿ, ಕಟ್ಟಿದ ಕೈ ಬಿಚ್ಚಿ, ಅವರೂ ಬಗ್ಗಿದರು. ಮಹಾಶಯರು ನಮ್ಮ ಬೀದಿಯವರೇ ಎಂಬುದರಲ್ಲಿ ಈಗ ಯಾರಿಗೂ ಅನುಮಾನ ಉಳಿದಿರಲಿಲ್ಲ. ಬ್ಯಾನರಿನಲ್ಲಿ ತಿದ್ದಬೇಕಾದದ್ದು ಬಹಳ ಕಡಿಮೆ ಎಂದು ಕಾಮೆಯಾಮಾ ಅಮ್ಮ ಆಗಲೇ ಲೆಕ್ಕ ಹಾಕುತ್ತಿದ್ದರು.

ಅಷ್ಟೂ ಬಗ್ಗಿದ ಬೆನ್ನುಗಳ ನಡುವೆ ಅಮ್ಮ ಹಸಿರು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಹಿಂಬಾಗಿಲಿನಿಂದ ಬೀಸಿದ ಗಾಳಿಗೆ ಗೋಡೆಯ ಕ್ಯಾಲೆಂಡರು ಪಟಪಟ ಎಂದಿತು. ಯಜಮಾನರು ಸೀನಿದರು. ಅಮ್ಮ ಶಾಲು ತೆಗೆದು ಅವರ ಹೆಗಲಿಗೆ ಹಾಕಿ, ತಿರುಗಿ ನಮ್ಮ ಕಡೆ ನೋಡಿದರು.

“ಆ ಬಾಗಿಲು ಸ್ವಲ್ಪ ಮುಚ್ಚಿ,” ಎಂದರು. “ಗಾಳಿ ಬರ್ತಿದೆ.”

ಯಾರೂ ಏಳಲಿಲ್ಲ. ಮುರೊತಾನಿಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಎರಡೂ ಕೈಯಲ್ಲಿ ಧ್ವನಿಮುದ್ರಕವನ್ನು ಎತ್ತಿ ಹಿಡಿದಿದ್ದ. ಬಾಗಿಲ ಪಕ್ಕದಲ್ಲೇ ಕೂತಿದ್ದ ನಿಶಿವಾಕಿಯವರು ಕಣ್ಣು ಮುಚ್ಚಿ ಕೈಮುಗಿದರು. ಎನ್‌ಶೊ ಗುರುಗಳು ಆ ಮಾತನ್ನೇ ತುಟಿಯಲ್ಲಿ ಮತ್ತೊಮ್ಮೆ ಹೇಳಿಕೊಂಡರು. ಯಜಮಾನರಂತೂ ತೆರೆದ ಬಾಯಿ ತೆರೆದೇ, ಹೆಂಡತಿಯನ್ನು ಹೊಸದಾಗಿ ಕಂಡವರಂತೆ ನೋಡುತ್ತ ನಿಂತಿದ್ದರು. ಕೈಯಲ್ಲಿ ತಟ್ಟೆಯಿಲ್ಲದಿದ್ದರೆ, ನಡುವೆ ಅಷ್ಟು ಜನರಿಲ್ಲದಿದ್ದರೆ, ನಾನು ಹೋಗುತ್ತಿದ್ದೆನೇನೋ. ಆದರೆ ನನ್ನ ಕಾಲುಗಳೂ ಅಲ್ಲೇ ನೆಟ್ಟುಹೋಗಿದ್ದವು.

ಅಮ್ಮ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಬಾಗಿಲು,” ಎಂದರು. “ಯಾರಾದ್ರೂ ಒಬ್ರು ಮುಚ್ಚಿ.”